ಮುಂದಿನ ಆವೃತ್ತಿಯ ಮಾಣಿಕ

ಮಾಣಿಕನಿಗೆ ಕೈಯಲ್ಲಿರುವ ಯಾವ ವಸ್ತುವಿನ ಮೇಲೂ ಪೂರ್ಣ ವಿಶ್ವಾಸವಿರಲಿಲ್ಲ. ಅವನ ವಿಶ್ವಾಸವೆಲ್ಲ ಇನ್ನೂ ಬಾರದಿರುವುದರ ಮೇಲೆ. ಎರಡು ಸಾವಿರದ ಹದಿನೈದರ ಬರಗಾಲದಲ್ಲಿ, ಬೀದರಿನ ಜನ ಬೆಳಗಾದರೆ ಮುಗಿಲಿಗೆ ಕಣ್ಣು ನೆಟ್ಟು ನಿಲ್ಲುತ್ತಿದ್ದಾಗ, ಚಿದ್ರಿ ಬಡಾವಣೆಯ ತನ್ನ ಧ್ವನಿಮುದ್ರಣದ ಕೋಣೆಯಲ್ಲಿ ಕುಳಿತ ಈ ಮಹಾನುಭಾವ ಕಂಪ್ಯೂಟರಿನ ಪರದೆಗೆ ಕಣ್ಣು ನೆಟ್ಟಿರುತ್ತಿದ್ದ. ಹಾಡನ್ನು ಮುದ್ರಿಸಿ, ಕತ್ತರಿಸಿ, ಕೂಡಿಸುವ ಒಂದು ಸಾಫ್ಟ್‌ವೇರ್ ಅವನ ಹೊಟ್ಟೆಪಾಡಿನ ಆಧಾರ. ಅದನ್ನು ತಯಾರಿಸುವವರು ಯಾವುದೋ ದೂರದೇಶದವರು. ಮುಂದಿನ ಅಪ್‌ಡೇಟಿನಲ್ಲಿ ಏನೇನು ಹೊಸದು ಬರಲಿದೆಯೆಂದು ಅವರು ಆಗಾಗ ಪ್ರಕಟಿಸುತ್ತಿದ್ದ ವಿವರಗಳನ್ನು, ನಮ್ಮ ಮನೆಯ ಹಿರಿಯರು ಯುಗಾದಿಯ ದಿನ ಪಂಚಾಂಗ ಕೇಳುತ್ತಿದ್ದ ಶ್ರದ್ಧೆಯಿಂದಲೇ ಅವನು ಓದುತ್ತಿದ್ದ. ಕೆಲಸದಲ್ಲಿ ಯಾವ ಕುಂದನ್ನು ತೋರಿಸಿದರೂ ಉತ್ತರ ಒಂದೇ.

"ಬರ್ತದ್ರಿ ಸರ್. ಮುಂದಿನ ಅಪ್‌ಡೇಟದಾಗ ಬರ್ತದ."

ಅವನನ್ನು ಒಮ್ಮೆ ಕಂಡವರ ನೆನಪಿನಲ್ಲಿ ಉಳಿಯುತ್ತಿದ್ದುದು ಅವನ ಕೋಟು. ಭಾಲ್ಕಿಯ ದರ್ಜಿಯೊಬ್ಬ ಯಾರದೋ ಮದುವೆಗೆಂದು ಹೊಲಿದುಕೊಟ್ಟಿದ್ದ ಕಂದುಬಣ್ಣದ ಆ ದಪ್ಪ ಕೋಟನ್ನು ಅವನು ಬೇಸಗೆಯ ಉರಿಯಲ್ಲೂ ಮೈಮೇಲಿಂದ ಇಳಿಸುತ್ತಿರಲಿಲ್ಲ. ಅದರ ಒಳಹೊರಗಿನ ಜೇಬುಗಳಲ್ಲಿ ಅವನ ಅರ್ಧ ಸಂಸಾರವಿತ್ತು: ಪೆನ್ ಡ್ರೈವುಗಳು, ತುಂಡು ವೈರುಗಳು, ಒಂದು ಸಣ್ಣ ಸ್ಕ್ರೂಡ್ರೈವರ್, ಇವುಗಳ ನಡುವೆ ಹುರಿದ ಶೇಂಗಾ. ತಲೆಯನ್ನು ಎಡಕ್ಕೆ ತುಸು ವಾಲಿಸಿ, ಬಲಗಿವಿಯನ್ನು ಜಗತ್ತಿಗೆ ಒಪ್ಪಿಸಿದವನಂತೆ ನಡೆಯುತ್ತಿದ್ದ. ಮಾತನಾಡುತ್ತ ನಡೆದವನು ನಡುಬೀದಿಯಲ್ಲಿ ಗಕ್ಕನೆ ನಿಂತು, ಯಾರದೋ ಮನೆಯ ಫ್ಯಾನು ಕಿರುಗುಟ್ಟುವುದನ್ನು ಕೇಳಿ, ಸಮಾಧಾನವಾದ ಮೇಲೆ ಮುಂದೆ ಹೆಜ್ಜೆ ಇಡುತ್ತಿದ್ದ. ಅಷ್ಟರಲ್ಲಿ ನಾವು ಏನು ಮಾತನಾಡುತ್ತಿದ್ದೆವೆಂಬುದು ಅವನಿಗೂ ಮರೆತಿರುತ್ತಿತ್ತು, ನನಗೂ ಮರೆತಿರುತ್ತಿತ್ತು.

ಅವನ ಸ್ಟುಡಿಯೋ ಎಂಬುದು ನಮ್ಮ ಮನೆಯ ಹಿಂದಿನ ಓಣಿಯಲ್ಲಿದ್ದ ಒಂದು ಕೋಣೆ. ಹೊರಗಿನ ಸದ್ದು ಒಳಬಾರದಿರಲೆಂದು ಗೋಡೆಗೆಲ್ಲ ಕೌದಿ ತೂಗುಹಾಕಿದ್ದ. ಹಲಬರ್ಗಾ ಹಳ್ಳಿಯಲ್ಲಿ ಅವನ ತಾಯಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಕೌದಿಗಳು. ಒಳಗೆ ಕುಳಿತರೆ ಸುತ್ತಲೂ ಕೆಂಪು ಹಸಿರು ಚೌಕಗಳು, ಹಳೆಯ ಬಟ್ಟೆಯ ಬೆಚ್ಚನೆಯ ವಾಸನೆ. ಆದರೆ ಆ ವರ್ಷ ಕೌದಿಗಳೂ ಸೋತವು. ನೀರಿಗಾಗಿ ಚಿದ್ರಿಯ ತುಂಬ ಬೋರ್‌ವೆಲ್ ಕೊರೆಯುವ ಗಾಡಿಗಳು ನಿಂತು, ನೆಲದ ಎದೆಯನ್ನು ಹಗಲೆಲ್ಲ ಗುದ್ದುತ್ತಿದ್ದವು. ಅವನು ಮುದ್ರಿಸಿದ ಪ್ರತಿ ಭಜನೆಯ ತಳದಲ್ಲೂ, ಪ್ರತಿ ಮದುವೆಯ ಹಾಡಿನ ತಳದಲ್ಲೂ ಆ ಗುದ್ದಿನ ಸದ್ದು ಸೇರಿಕೊಂಡಿತು. ಅದನ್ನು ತೆಗೆಯುವ ಸೌಲಭ್ಯವೂ, ಅವನ ಪ್ರಕಾರ, ಮುಂದಿನ ಅಪ್‌ಡೇಟಿನಲ್ಲಿತ್ತು.

ನಾನು ಬೀದರಿನ ಕಾಲೇಜೊಂದರಲ್ಲಿ ಕನ್ನಡದ ಅಧ್ಯಾಪಕ. ನನ್ನ ದನಿ ಗಡುಸಾಗಿದೆಯೆಂದು ಹೊಗಳಿ, ಆಟೋದಲ್ಲಿ ಬೀದಿ ಬೀದಿ ಸಾರುವ ಪ್ರಕಟಣೆಗಳನ್ನು ಅವನು ನನ್ನಿಂದ ಓದಿಸುತ್ತಿದ್ದ. ನೀರನ್ನು ಹಿತಮಿತವಾಗಿ ಬಳಸಬೇಕೆಂಬ ಪ್ರಕಟಣೆಯೊಂದನ್ನು ಓದುವಾಗ ನಡುವೆ ನನಗೆ ಕೆಮ್ಮು ಬಂತು. ಅದನ್ನು ಕತ್ತರಿಸಿ ತೆಗೆಯಲು ಹೇಳಿದೆ. ಅವನು ಒಪ್ಪಲಿಲ್ಲ. ಕತ್ತರಿಸಿದರೆ ಮಾತಿನ ಉಸಿರು ಕಡಿಯುತ್ತದೆ, ಕೆಮ್ಮನ್ನು ತಾನೇ ಗುರುತಿಸಿ ಒರೆಸಿಹಾಕುವ ಸೌಲಭ್ಯ ಸದ್ಯದಲ್ಲೇ ಬರಲಿದೆ, ಅಲ್ಲಿಯವರೆಗೆ ಇದು ಹೀಗೆಯೇ ಇರಲಿ ಎಂದ. ಹೀಗಾಗಿ "ನೀರನ್ನು ಉಳಿಸಿ" ಎಂಬುದಕ್ಕೂ "ಭವಿಷ್ಯವನ್ನು ಬೆಳಗಿಸಿ" ಎಂಬುದಕ್ಕೂ ನಡುವೆ ನನ್ನ ಕೆಮ್ಮು ಬೀದರಿನ ಗಲ್ಲಿಗಲ್ಲಿಗಳಲ್ಲಿ ಮೆರವಣಿಗೆ ಹೊರಟಿತು. ತರಗತಿಯಲ್ಲಿ ನಾನು ಹಾಜರಿ ಕರೆದರೆ ಹಿಂದಿನ ಬೆಂಚಿನವರು ಕೆಮ್ಮಿ ಓಗೊಡಲಾರಂಭಿಸಿದರು. ಸಿಟ್ಟು ನೆತ್ತಿಗೇರಿ ಅವನಲ್ಲಿಗೆ ಹೋಗಿ, ಆ ಮುದ್ರಣವನ್ನು ಅಳಿಸಿಹಾಕೆಂದು ಗದರಿದೆ.

"ಅಳಸೂದು ಮಾತ್ರ ಅನಬ್ಯಾಡ್ರಿ ಸರ್," ಎಂದ ಮಾಣಿಕ, ತನ್ನ ಕೂಸಿನ ಮೇಲೆ ಯಾರೋ ಕೈ ಎತ್ತಿದಂತೆ ಹಿಂದೆ ಸರಿದು. "ಇವತ್ತ ಕೆಟ್ಟಿದ್ದು ನಾಳಿ ಸುಧಾರಿಸ್ತದ. ನಾ ಯಾರ್ದೂ ಅಳಸಂಗಿಲ್ರಿ."

ಅದು ಬರೀ ಮಾತಲ್ಲ. ತಪ್ಪಿದ ಹಾಡು, ಅರ್ಧಕ್ಕೆ ನಿಂತ ಭಾಷಣ, ಶ್ರುತಿ ಕೂಡದ ಹಾರ್ಮೋನಿಯಂ ಪೇಟಿ, ಹಾಡುವ ಮುಂಚೆ ಯಾರೋ ನೀರು ಕೇಳಿದ್ದು, ಎಲ್ಲವೂ ಅವನ ಬಳಿ ಭದ್ರ. ಹಳೆಯ ಹಾರ್ಡ್ ಡಿಸ್ಕುಗಳನ್ನು ಬಿಸ್ಕಿಟಿನ ಡಬ್ಬಿಗಳಲ್ಲಿ ಪೇರಿಸಿಟ್ಟಿದ್ದ. ಈ ಕಸವನ್ನೆಲ್ಲ ಯಾಕೆ ಕಾಯುತ್ತಾನೋ ಎಂದು ನಾನು ಹಲವು ಸಲ ಮನಸ್ಸಿನಲ್ಲೇ ನಕ್ಕಿದ್ದೇನೆ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಜಿಜಾಬಾಯಿ ಬಂದಳು. ಔರಾದ ತಾಲೂಕಿನ ಠಾಣಾ ಕುಶನೂರಿನವಳು; ಮಾಣಿಕನಿಗೆ ದೊಡ್ಡಮ್ಮನ ಮಗಳು, ವರಸೆಯಲ್ಲಿ ಅಕ್ಕ. ಎತ್ತರದ ಆಳು, ದನಿಯೂ ಹಾಗೆಯೇ. ಅವಳೂ ಇನ್ನು ಮೂವರು ಹೆಂಗಸರೂ ಸೇರಿ ಪ್ರತಿ ವರ್ಷ ಏಪ್ರಿಲ್ ಹದಿನಾಲ್ಕರಂದು, ಬಾಬಾಸಾಹೇಬರ ಜಯಂತಿಯ ಬೆಳಿಗ್ಗೆ, ತಮ್ಮ ಓಣಿಯ ಬುದ್ಧವಿಹಾರದ ಮುಂದೆ ತಾವೇ ಕಟ್ಟಿದ ಒಂದು ಹಾಡು ಹಾಡುತ್ತಿದ್ದರು. ಅದಾದ ಮೇಲೆಯೇ ಮೆರವಣಿಗೆ ಹೊರಡುವುದು. ಈ ಸಲ ಸೋಯಾ ಕೈಕೊಟ್ಟಿತ್ತು, ತೊಗರಿ ಒಣಗಿತ್ತು, ಊರಿಗೆ ಊರೇ ಗಂಟುಮೂಟೆ ಕಟ್ಟುತ್ತಿತ್ತು.

"ತಮ್ಮಾ, ನಮ್ಮ ಹಾಡು ಇಲ್ದಂಗ ಒಂದ್ ಜಯಂತೀನೂ ಆಗಿಲ್ಲ," ಎಂದಳು ಜಿಜಾಬಾಯಿ. "ಈ ಸರ್ತಿ ಹಾಡೋರೇ ಊರಾಗ ಇರಂಗಿಲ್ಲ. ಶೇವಂತಾ ಹೈದ್ರಾಬಾದಿಗಿ ಹೊಂಟಾಳ, ಶಾಲು ಪುಣೆಕ್ಕ, ಗಂಗು ಆಕಿ ಅಣ್ಣನ ಕೂಡ ಮುಂಬಯಿಗಿ. ನಾ ಎಲ್ಲಿಗಿ ಹೋಗ್ತೇನಿ ನನಗೇ ಗೊತ್ತಿಲ್ಲ. ನಾಕ್ ಮಂದಿ ನಾಕ್ ಕಡಿ ಆಗ್ತೇವಿ. ಹಾಡಿನ್ಯಾಗರ ನಮಗ ಕೂಡ್ಸಿ ಇಡು."

ಈ ಕೊನೆಯ ಮಾತನ್ನು ಅವಳು ಬೇಡುವ ದನಿಯಲ್ಲಿ ಹೇಳಲಿಲ್ಲ, ಅಕ್ಕ ತಮ್ಮನಿಗೆ ಅಪ್ಪಣೆ ಕೊಡುವ ದನಿಯಲ್ಲಿ ಹೇಳಿದಳು. ಅಲ್ಲಿಯೇ ಕೌದಿಗೆ ಒರಗಿ ಕುಳಿತಿದ್ದ ನಾನು ಎದ್ದು ಅವಳಿಗೆ ಜಾಗ ಬಿಟ್ಟುಕೊಟ್ಟೆ. ಮಾಣಿಕ ನಗುನಗುತ್ತ ತೊಡೆ ತಟ್ಟಿದ.

"ಎಲ್ಲಾರೂ ಒಮ್ಮೆ ಬರೂದು ಯಾಕ ಅಕ್ಕಾ? ಹ್ಯಾಂಗೂ ಎಲ್ಲಾರೂ ಬೀದರ್ ಮ್ಯಾಲೇ ಹೋಗ್ತೀರಿ. ಹೋಗೋ ಮುಂದ ಒಬ್ಬೊಬ್ಬರೇ ಇಲ್ಲಿ ಇಳದು, ಹಾಡಿ ಹೋಗ್ರಿ. ಕೂಡ್ಸೂದು ನನಗ ಬಿಡು."

ಸಂಗೀತ ಬಲ್ಲ ಯಾರೂ ಮಾಡದ ತಪ್ಪು ಇದೆಂದು ಆಮೇಲೆ ನನಗೆ ಗೊತ್ತಾಯಿತು. ಹಾಡು ಸೊಲ್ಲು ಮತ್ತು ಪ್ರತಿಸೊಲ್ಲಿನದು. ಜಿಜಾಬಾಯಿ ಮುಂದಾಗಿ "ಓಣಿಗಿ ಸಾಲಿ ಬಂತವ್ವಾ" ಎಂದು ಎತ್ತಿಕೊಟ್ಟರೆ, ಉಳಿದ ಮೂವರು "ಬಂತ ನೋಡವ್ವಾ ಬಂತು" ಎಂದು ಓಗೊಡಬೇಕು. ಆಮೇಲೆ ಬರೆಯುವ ಪಾಟಿ ಬಂತು, ದೀಪ ಬಂತು, ಹೆಸರು ಬಂತು ಎಂದು ಅವಳು ಒಂದೊಂದನ್ನೇ ತರುತ್ತ ಹೋಗಬೇಕು. ಕ್ರಮದಂತೆ ಮೊದಲು ಸೊಲ್ಲನ್ನು ಮುದ್ರಿಸಿ, ಅದನ್ನು ಕಿವಿಗೆ ಕೇಳಿಸುತ್ತ ಉಳಿದವರಿಂದ ಹಾಡಿಸಬೇಕಿತ್ತು. ಆದರೆ ಆ ಕೋಣೆಯಲ್ಲಿ ಮುದ್ರಣ ನಡೆದದ್ದು ಸಂಗೀತದ ಕ್ರಮದಲ್ಲಲ್ಲ, ಗುಳೆ ಹೋಗುವ ಕ್ರಮದಲ್ಲಿ. ಮೊದಲು ಹೊರಟವಳು ಶೇವಂತಾಬಾಯಿ, ಆಮೇಲೆ ಶಾಲುಬಾಯಿ, ಆಮೇಲೆ ಗಂಗುಬಾಯಿ. ಎಲ್ಲರಿಗಿಂತ ಕೊನೆಗೆ ಊರು ಬಿಟ್ಟವಳು ಜಿಜಾಬಾಯಿ. ಹೀಗಾಗಿ ಕರೆಗಿಂತ ಮುಂಚೆಯೇ ಓಗೊಡುವಿಕೆ ಮುದ್ರಣವಾಯಿತು.

ಶೇವಂತಾಬಾಯಿ ಬಂದ ದಿನ ನಾನಿದ್ದೆ. ಸಣ್ಣ ಪ್ರಾಯದ ಹೆಣ್ಣುಮಗಳು. ಗಂಡ ಗಂಟುಗಳ ಬಳಿ ಹೊರಗೆ ನಿಂತಿದ್ದ. ತಾಳಕ್ಕೆಂದು ಮಾಣಿಕ ಅವಳ ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟರೆ, "ಯಾರೋ ಬಾಗಿಲ ಬಡದಂಗ ಆಗ್ತದ್ರಿ" ಎಂದು ಅದನ್ನು ಕಿತ್ತಿಟ್ಟಳು. ಕಣ್ಣು ಮುಚ್ಚಿ, ಜಿಜಾಬಾಯಿಯ ಸೊಲ್ಲನ್ನು ಮನಸ್ಸಿನಲ್ಲೇ ಹಾಡಿಕೊಂಡು, ಅದು ಮುಗಿಯುವಷ್ಟು ಹೊತ್ತು ತಡೆದು, "ಬಂತ ನೋಡವ್ವಾ ಬಂತು" ಎಂದು ಹಾಡಿದಳು. ಮತ್ತೆ ತಡೆದಳು, ಮತ್ತೆ ಹಾಡಿದಳು. ಹೋಗುವಾಗ ಮೆಲ್ಲನೆ ಕೇಳಿದಳು: "ಅಣ್ಣಾ, ಇದು ಊರಾಗ ಹಾಕೋ ಮುಂದ ನನ್ನ ದನಿ ಜರಾ ಸಣ್ಣ ಇಡ್ರಿ. ನಮ್ಮ ಅತ್ತಿಗಿ ನಾ ಹಾಡಿದ್ರ ಆಗಂಗಿಲ್ಲ." ಆ ಅತ್ತೆ ಊರಿನಲ್ಲೇ ಉಳಿಯುವವಳು, ಸೊಸೆ ನಾಲ್ಕು ಜನರ ಮುಂದೆ ಬಾಯಿ ತೆರೆದಳೆಂದು ವರ್ಷಗಟ್ಟಲೆ ಮುಖ ಗಂಟಿಕ್ಕಿಕೊಂಡೇ ಇದ್ದವಳು.

ನಾಲ್ವರದೂ ಮುದ್ರಣ ಮುಗಿದಾಗ ಒಬ್ಬಳ ಹಾಡು ಇನ್ನೊಬ್ಬಳದಕ್ಕೆ ಹೊಂದಲಿಲ್ಲ. ಒಬ್ಬಳು ಬಸ್ಸಿನ ಅವಸರದಲ್ಲಿ ಹಾಡಿದ್ದಳು, ಒಬ್ಬಳು ಅಳು ನುಂಗಿಕೊಂಡು ನಿಧಾನವಾಗಿ. ಒಂದೊಂದು ಸೊಲ್ಲನ್ನೂ ಬಿಡಿಸಿ ಕೈಯಿಂದಲೇ ಜೋಡಿಸಿದ್ದರೆ ಸಂಕ್ರಾಂತಿಯೊಳಗೆ ಕೆಲಸವಾಗುತ್ತಿತ್ತು. ಇದನ್ನು ಅವನೇ ಒಪ್ಪುತ್ತಿದ್ದ. ಆದರೆ ಅಷ್ಟರಲ್ಲಿ ಸುದ್ದಿ ಬಂದಿತ್ತು: ಬೇರೆ ಬೇರೆ ಹಾಡಿದ ದನಿಗಳನ್ನು ತಾನಾಗಿ ಒಂದೇ ಗತಿಗೆ, ಒಂದೇ ಶ್ರುತಿಗೆ ತರುವ ಸೌಲಭ್ಯ ಮುಂದಿನ ಆವೃತ್ತಿಯಲ್ಲಿದೆಯಂತೆ, ಫೆಬ್ರವರಿಯಲ್ಲಿ ಬಿಡುಗಡೆಯಂತೆ. ಇನ್ನು ಕೇಳಬೇಕೆ! ಮಾಣಿಕ ಕೈ ಕಟ್ಟಿ ಕುಳಿತ. ಫೆಬ್ರವರಿ ಹೋಯಿತು, ಬಿಡುಗಡೆ ಮಾರ್ಚಿಗೆ ಹೋಯಿತು. ಮಾರ್ಚಿನಲ್ಲಿ ಕೆಲವು ದೋಷಗಳನ್ನು ಸರಿಪಡಿಸುತ್ತಿದ್ದೇವೆಂದು ಆ ಕಂಪನಿಯವರು ಪ್ರಕಟಿಸಿದರು.

"ಅಲ್ಲೋ ಪುಣ್ಯಾತ್ಮಾ, ಕೈಯಿಂದ ಜೋಡಿಸಿಬಿಡಬಾರದೇನೋ?" ಎಂದು ನಾನು ರೇಗಿದೆ.

"ಸರ್, ನಾ ಜೋಡಿಸಿದ್ರ ಜೋಡಿಸಿದ್ದು ಗೊತ್ತಾಗ್ತದ್ರಿ. ಅದು ಮಾಡಿದ್ರ ಗೊತ್ತಾಗಂಗಿಲ್ಲ. ನಾಕೂ ಮಂದಿ ಒಂದೇ ಕಡಿ ನಿಂತು ಹಾಡಿದಂಗ ಆಗ್ತದ. ಅಕ್ಕ ಕೇಳಿದ್ದು ಅದೇ ಅಲ್ಲೇನ್ರಿ?"

ಸೋಮಾರಿಯಾಗಿದ್ದರೆ ಬೈದುಬಿಡಬಹುದಿತ್ತು. ಅವನು ಸೋಮಾರಿಯಲ್ಲ, ಅಕ್ಕನಿಗೆ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡಬೇಕೆಂದು ಹಟ ಹಿಡಿದವನು. ಅಂಥವರಿಂದ ಆಗುವ ಅನಾಹುತ ಸೋಮಾರಿಗಳಿಂದಲೂ ಆಗುವುದಿಲ್ಲ.

ಜಯಂತಿಯ ಹಿಂದಿನ ದಿನ ಬೆಳಿಗ್ಗೆ ಅಪ್‌ಡೇಟ್ ಬಂತು. ಅವನ ಮೊಬೈಲಿನ ನೆಟ್‌ವರ್ಕ್ ಅದನ್ನು ಎಳೆಯಲಾರದೆಂದು, ಕಂಪ್ಯೂಟರಿನ ಡಬ್ಬಿಯನ್ನು ಒಂದು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ನಮ್ಮ ಮನೆಗೆ ಬಂದ. ನನ್ನ ಮೇಜಿನ ಮೇಲೆ ಅದನ್ನಿಟ್ಟು, ನಮ್ಮ ಬ್ರಾಡ್‌ಬ್ಯಾಂಡಿಗೆ ಜೋಡಿಸಿ, ಎದುರಿಗೆ ಕೈಮುಗಿಯುವುದೊಂದು ಬಾಕಿ ಎಂಬಂತೆ ಕುಳಿತ. ಮಧ್ಯಾಹ್ನದ ಹೊತ್ತಿಗೆ ಹೊಸ ಆವೃತ್ತಿ ಏರಿತು. ಹೊಸ ಬಣ್ಣ, ಹೊಸ ಗುಂಡಿಗಳು. ಮಾಣಿಕನ ಮುಖ ಅರಳಿತು. ತಿಂಗಳುಗಟ್ಟಲೆ ಒಂದೊಂದಾಗಿ ಅಣಿಗೊಳಿಸಿಟ್ಟಿದ್ದ ಆ ಹಾಡಿನ ಕಡತವನ್ನು ತೆರೆಯಲು ಹೋದ. ಅದು ತೆರೆಯಲಿಲ್ಲ. ಹಳೆಯ ಆವೃತ್ತಿಯ ಕಡತಗಳನ್ನು ಹೊಸದು ಓದುವುದಿಲ್ಲವಂತೆ. ಆ ಅನುಕೂಲ ಮುಂದೆ ಬರಲಿದೆಯಂತೆ. ಹಳೆಯದಕ್ಕೆ ಮರಳೋಣವೆಂದರೆ ಅದನ್ನು ಹೊಸದು ಅಳಿಸಿ ಕುಳಿತಿತ್ತು. ಸಂಜೆಯವರೆಗೂ ಒದ್ದಾಡಿದ. ಕೊನೆಗೆ ಕೈಚೆಲ್ಲಿ, ಆ ಕೋಟಿನೊಳಗೆ ಮುದುಡಿಕೊಂಡು, "ಅಕ್ಕಗ ಏನ್ ಹೇಳ್ಲಿ ಸರ್" ಎಂದಷ್ಟೇ ಹೇಳಿದ. ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಹಾಡು ಕೂಡಲಿಲ್ಲ, ನಿಜ. ಆದರೆ ನಾಲ್ವರ ನಾಲ್ಕು ಮೂಲ ಮುದ್ರಣಗಳು ಬಿಡಿಬಿಡಿಯಾಗಿ ಬಿಸ್ಕಿಟಿನ ಡಬ್ಬಿಯಲ್ಲಿದ್ದವು. ತಾಳದ ಟಿಕ್ ಟಿಕ್ ಇಲ್ಲದೆ ಹಾಡಿದ ಅವನ್ನು ಹೊಸ ಸೌಲಭ್ಯವೂ ಕೂಡಿಸಲಾರದಾಗಿತ್ತು, ಆದರೆ ಯಾವ ಯಂತ್ರದಲ್ಲಾದರೂ ಕೇಳಬಹುದಿತ್ತು. ಸೌಂಡ್ ಸರ್ವಿಸಿನ ಅಬ್ದುಲ ವಾಹೀದನಿಗೆ ವಿಷಯ ಹೇಳಿದಾಗ ಅವನು ತಲೆ ಕೆರೆದುಕೊಂಡು, "ಮಾಣಿಕಭಾಯ್, ನಾಕ್ ಮಂದಿಗಿ ನಾಕ್ ಬಾಕ್ಸ್ ಹಚ್ಚೋಣ. ಒಮ್ಮೆಗೇ ಚಾಲೂ ಮಾಡೋಣ. ಆಗಿದ್ದು ಆಗ್ಲಿ, ನಡೀರಿ," ಎಂದ. ಮರುದಿನ ನಸುಕಿಗೆ ವಾಹೀದನ ಟೆಂಪೋದಲ್ಲಿ ನಾವು ಮೂವರೂ ಕುಶನೂರಿಗೆ ಹೊರಟೆವು.

ವಿಹಾರದ ಮುಂದೆ ನೀಲಿ ಪತಾಕೆಗಳು ಕಟ್ಟಿದ್ದವು, ಜನ ಅರ್ಧಕ್ಕರ್ಧ ಇರಲಿಲ್ಲ. ಉಳಿದವರು ಮುದುಕರು, ಮುದುಕಿಯರು, ಮಕ್ಕಳು. ಹಿಂದೆ ನಾಲ್ವರು ಹೆಂಗಸರು ನಿಲ್ಲುತ್ತಿದ್ದ ಜಾಗದಲ್ಲಿ ವಾಹೀದ ನಾಲ್ಕು ಸ್ಪೀಕರ್ ಪೆಟ್ಟಿಗೆಗಳನ್ನು ನಿಲ್ಲಿಸಿದ. ನಾಲ್ಕಕ್ಕೂ ಬೇರೆ ಬೇರೆ ಪೆನ್ ಡ್ರೈವ್. ಮಾಣಿಕ ಚಪ್ಪಾಳೆ ತಟ್ಟಿದೊಡನೆ ನಾಲ್ಕೂ ಹೊರಟವು. ಎರಡು ಸೊಲ್ಲಿನವರೆಗೆ ಹೇಗೋ ನಡೆಯಿತು. ಮೂರನೆಯದಕ್ಕೆ ಜಿಜಾಬಾಯಿ ಇನ್ನೂ ಕರೆಯುತ್ತಿರುವಾಗಲೇ ಶಾಲುಬಾಯಿ ಓಗೊಟ್ಟಳು. ಗಂಗುಬಾಯಿ ಹಿಂದೆ ಬಿದ್ದಳು. ಬೋರ್‌ವೆಲ್ಲಿನ ಗುದ್ದು ನಾಲ್ಕು ಕಡೆಯಿಂದ ಕೇಳಿತು. ಹಾಡು ಸಂತೆಯಾಯಿತು. ಮಾಣಿಕ ಓಡಿಹೋಗಿ ಒಂದೊಂದೇ ಪೆಟ್ಟಿಗೆಯನ್ನು ನಿಲ್ಲಿಸತೊಡಗಿದ. ಆಗ ಒಬ್ಬ ಮುದುಕ ಎದ್ದು ಕೂಗಿದ: "ಏ, ಗಂಗೂಂದು ಯಾಕ ಬಂದ್ ಮಾಡ್ದಿ? ನಮ್ಮ ಗಂಗು ಅದಾಳ ಅದ್ರಾಗ!"

ಆಮೇಲೆ ಎಲ್ಲರೂ ತಂತಮ್ಮವರನ್ನು ಕೇಳತೊಡಗಿದರು. ಬೇರೆ ದಾರಿಯಿಲ್ಲದೆ ಮಾಣಿಕ ಒಬ್ಬೊಬ್ಬರನ್ನೇ ಹಚ್ಚಿದ. ಮುಂದೆ ಹಾಡುವವಳಿಲ್ಲದ ಬರಿಯ ಓಗೊಡುವಿಕೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. "ಬಂತ ನೋಡವ್ವಾ ಬಂತು." ಬಳಿಕ ಉದ್ದನೆಯ ಮೌನ. ಮತ್ತೆ "ಬಂತ ನೋಡವ್ವಾ ಬಂತು." ಮಕ್ಕಳೂ ಗದ್ದಲ ಮಾಡಲಿಲ್ಲ.

ಶೇವಂತಾಬಾಯಿಯ ಪೆಟ್ಟಿಗೆಯ ಸರದಿ ಬಂದಾಗ ಹಿಂದಿನಿಂದ ಒಬ್ಬ ಮುದುಕಿ ಎದ್ದುಬಂದು ಅದರ ಎದುರಿಗೇ ನೆಲದ ಮೇಲೆ ಕುಳಿತಳು. ಅವಳೇ ಆ ಅತ್ತೆ ಎಂದು ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು. ಮಾಣಿಕ, ಹೇಳಿಸಿಕೊಂಡಿದ್ದಂತೆ, ದನಿಯನ್ನು ಸಣ್ಣದು ಮಾಡಿದ. ಸೊಸೆ ಒಮ್ಮೆ ಹಾಡಿದಳು, ಮೌನವಾಯಿತು. ಮತ್ತೊಮ್ಮೆ ಹಾಡಿದಳು, ಮತ್ತೆ ಮೌನ. ಆ ಮೌನ ಮುದುಕಿಗೆ ತಡೆದುಕೊಳ್ಳಲಾಗಲಿಲ್ಲವೇನೋ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಡಕು ದನಿಯಲ್ಲಿ, ಪೆಟ್ಟಿಗೆಯನ್ನೇ ನೋಡುತ್ತ ತಾನೇ ಸೊಲ್ಲು ಎತ್ತಿಕೊಟ್ಟಳು: "ಓಣಿಗಿ ದೀಪ ಬಂತವ್ವಾ..." ಸರಿಯಾಗಿ ಆ ಮಾತಿನ ತುದಿಗೆ ಸೊಸೆ ಓಗೊಟ್ಟಳು. ಇಬ್ಬರೂ ಹಾಡನ್ನು ಕೊನೆಯವರೆಗೆ ಮುಟ್ಟಿಸಿದರು. ಮುದುಕಿಗೆ ಪ್ರತಿ ಸೊಲ್ಲೂ ಬಾಯಿಪಾಠವಾಗಿತ್ತು. ಮುಗಿದ ಮೇಲೆ ಅವಳು ಮಾಣಿಕನ ಕಡೆ ತಿರುಗಿ, "ಜರಾ ದೊಡ್ಡಂದು ಮಾಡಿ ಮತ್ತೊಮ್ಮಿ ಹಾಕಪ್ಪಾ" ಎಂದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಆ ವರ್ಷ ಕುಶನೂರಿನಲ್ಲಿ ಮೆರವಣಿಗೆ ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು.

ಮರಳುವ ದಾರಿಯಲ್ಲಿ ಜಿಜಾಬಾಯಿಯ ಫೋನು ಬಂತು. ಅವಳು ನಿಜಾಮಾಬಾದಿನ ಕಡೆ ಯಾವುದೋ ಇಟ್ಟಿಗೆ ಭಟ್ಟಿಯಲ್ಲಿದ್ದಳು. ಟೆಂಪೋದ ಸದ್ದಿನಲ್ಲಿ ಕೇಳಿಸದೆಂದು ಮಾಣಿಕ ಸ್ಪೀಕರಿಗೆ ಹಾಕಿದ.

"ಕೂಡೇವೇನೊ ತಮ್ಮಾ ಎಲ್ಲಾರೂ?"

ಮಾಣಿಕ ಫೋನನ್ನು ಬಾಯಿಯ ಹತ್ತಿರಕ್ಕೆ ಹಿಡಿದ. "ಇಲ್ಲ ಅಕ್ಕಾ," ಎಂದ. "ನನ್ನ ಕೈಲೆ ಆಗಲಿಲ್ಲ. ಒಬ್ಬೊಬ್ಬರ್ದೇ ಹಾಕಿದೆ." ಹಾಗೆಯೇ ಮುಂದುವರಿದು, "ಶೇವಂತಾನ ಅತ್ತಿ ನಿನ್ನ ಸೊಲ್ಲು ಹಾಡಿದಳು. ಶೇವಂತಾ ಓಗೊಟ್ಟಳು," ಎಂದ.

"ಆಕಿ ಹಾಡಿದಳಾ?"

"ಹೂಂ. ಎರಡ್ ಸರ್ತಿ."

ಜಿಜಾಬಾಯಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಹಾಂಗಾದ್ರ ಕೂಡೇವಿ ಬಿಡು," ಎಂದು ಫೋನಿಟ್ಟಳು.

ಮುಂದಿನ ಮಳೆಗಾಲ ಭರ್ಜರಿಯಾಗಿ ಬಂತು. ನಾಲ್ವರಲ್ಲಿ ಇಬ್ಬರು ಮರಳಿದರು, ಇಬ್ಬರು ಹೋದಲ್ಲೇ ಉಳಿದರು. ಮಾಣಿಕನ ಹಾಡು ಮಾತ್ರ ಇಂದಿಗೂ ಕೂಡಿಲ್ಲ, ಅವನು ಇಂದಿಗೂ ಕಾಯುತ್ತಿದ್ದಾನೆ. ಅವನನ್ನು ನೋಡುವಾಗ ನನಗೆ ಅನಿಸುವುದುಂಟು: ಜಗತ್ತಿನಲ್ಲಿ ಮುಗಿಸುವವರದೊಂದು ಜಾತಿ, ಕಾಯುವವರದೊಂದು ಜಾತಿ. ನಾನು ಮುಗಿಸುವವರ ಪೈಕಿ. ಹಿಡಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸಿ, ಕೈ ತೊಳೆದುಕೊಂಡು, ಮಿಕ್ಕಿದ್ದನ್ನು ಗುಡಿಸಿ ಹೊರಗೆ ಎಸೆಯುತ್ತೇವೆ; ಜನ ನಮ್ಮನ್ನು ಮೆಚ್ಚುತ್ತಾರೆ. ಕಾಯುವವರು ಯಾವುದನ್ನೂ ಮುಗಿಸುವುದಿಲ್ಲ, ಕೊಟ್ಟ ಮಾತನ್ನು ಹೊತ್ತಿಗೆ ನಡೆಸುವುದಿಲ್ಲ, ನಂಬಿದವರನ್ನು ನಡುನೀರಿನಲ್ಲಿ ಬಿಡುತ್ತಾರೆ. ಆದರೆ ಕೆಟ್ಟದ್ದು ಎಂದಾದರೂ ಸುಧಾರಿಸೀತೆಂಬ ಹುಚ್ಚು ನಂಬಿಕೆಯಿಂದ ಅವರು ಏನನ್ನೂ ಎಸೆಯುವುದೂ ಇಲ್ಲ. ಕೆಲಸ ಆಗಬೇಕಾಗಿದ್ದರೆ ಇಂಥವರ ಬಾಗಿಲಿಗೆ ಹೋಗಬಾರದು. ಊರು ಬಿಟ್ಟು ಹೋಗುವಾಗ ದನಿಯೊಂದನ್ನು ಯಾರ ಬಳಿಯಾದರೂ ಇಟ್ಟು ಹೋಗಬೇಕಾಗಿದ್ದರೆ ಮಾತ್ರ ಇಂಥವರನ್ನೇ ಹುಡುಕಿಕೊಂಡು ಹೋಗಬೇಕು.